ಆಳು ಹೋದದ್ದೆಲ್ಲಿಗೆ, ಬಂದದ್ದೆಲ್ಲಿಂದ?

ಕಾಫಿ ಹಣ್ಣಾಗಿ ನಿಂತಾಗ, ಅಡಿಕೆ ಕೊನೆ ಇಳಿಸುವ ಹೊತ್ತಿಗೆ, ನಮ್ಮೆಲ್ಲರ ಬಾಯಲ್ಲೂ ಒಂದೇ ಮಾತು: ಆಳು ಸಿಗುವುದಿಲ್ಲ. ಕೂಲಿ ಏರಿಸಿದರೆ ಸಿಗುತ್ತಾರೆ ಎನ್ನುವವರಿದ್ದಾರೆ. ಅಷ್ಟಕ್ಕೇ ತೀರುವ ಸಂಗತಿ ಇದಾಗಿಲ್ಲ. ಕೆಲಸವಿದ್ದಲ್ಲಿಗೆ ಜನ ಹೋಗುತ್ತಾರೆ. ಜನ ಸೇರಿದಲ್ಲಿ ಮತ್ತೆ ಕೆಲಸ ಹುಟ್ಟುತ್ತದೆ.

ಬೆಂಗಳೂರನ್ನೇ ನೋಡೋಣ. ಮೊದಲು ಕಾರ್ಖಾನೆಗಳು, ಆಮೇಲೆ ಸಾಫ್ಟ್‌ವೇರ್ ಕಂಪನಿಗಳು ಜನರನ್ನು ಸೆಳೆದವು. ಬಂದವರಿಗೆ ಮನೆ ಬೇಕು, ಊಟ ಬೇಕು. ಗಾರೆಯವನಿಗೂ ಹೋಟೆಲ್ ಮಾಣಿಗೂ ಕೆಲಸ ಸಿಕ್ಕಿತು. ಅವರಿಗೂ ಮನೆ ಬೇಕಾಯಿತು. 2001ರ ಜನಗಣತಿಯಲ್ಲಿ 65 ಲಕ್ಷವಿದ್ದ ಬೆಂಗಳೂರು ನಗರ ಜಿಲ್ಲೆ 2011ರಲ್ಲಿ 96 ಲಕ್ಷ ದಾಟಿತು. ಅದೇ ಹತ್ತು ವರ್ಷದಲ್ಲಿ ಚಿಕ್ಕಮಗಳೂರು ಜಿಲ್ಲೆ 11,40,905ರಿಂದ 11,37,961ಕ್ಕೆ ಇಳಿಯಿತು.

ಓದಿದ ಮಗ ಊರು ಬಿಟ್ಟದ್ದು ನಮ್ಮ ಕಣ್ಣಿಗೆ ಬೀಳುತ್ತದೆ, ಅವನ ಹಿಂದೆಯೇ ಹೋದ ಕೆಲಸ ಬೀಳುವುದಿಲ್ಲ. ಹತ್ತು ಮನೆಗಳ ಬಾಗಿಲು ಮುಚ್ಚಿದರೆ ದರ್ಜಿಗೆ ಹೊಲಿಗೆಯಿಲ್ಲ, ಅಂಗಡಿಗೆ ಗಿರಾಕಿಯಿಲ್ಲ, ಬಸ್ಸಿನವನು ಎರಡು ಟ್ರಿಪ್ಪನ್ನು ಒಂದಕ್ಕಿಳಿಸುತ್ತಾನೆ. ಬಸ್ಸಿಲ್ಲದ ಊರಿನಿಂದ ಆಳಿನ ಮಗಳು ಹೈಸ್ಕೂಲಿಗೆ ಹೋಗುವುದು ಹೇಗೆ? ಆ ಸಂಸಾರವೂ ಪೇಟೆಗೆ ಹೊರಡುತ್ತದೆ. ಹೀಗೆ ಹೋದವರನ್ನು ಬರೀ ಕೂಲಿ ಏರಿಸಿ ಕರೆತರುವುದು ಕಷ್ಟ.

ಹಿಂದೆ ಘಟ್ಟದ ಕೆಳಗಿನವರು ಮೇಸ್ತ್ರಿಯಿಂದ ಮುಂಗಡ ಪಡೆದು ತೋಟಕ್ಕೆ ಬರುತ್ತಿದ್ದರು. 1974ರ ಭೂಸುಧಾರಣೆಯಿಂದ ಅಲ್ಲಿಯ ಎಷ್ಟೋ ಗೇಣಿದಾರರಿಗೆ ಭೂಮಿ ದಕ್ಕಿತು. ಮುಂಬಯಿ, ಮಂಗಳೂರುಗಳಲ್ಲಿ ಬೇರೆ ದುಡಿಮೆಯೂ ದೊರೆಯಿತು. ಈಗ ಲೈನ್ ಮನೆಗಳಲ್ಲಿ ಅಸ್ಸಾಂ, ಜಾರ್ಖಂಡ್, ಪಶ್ಚಿಮ ಬಂಗಾಳದವರಿದ್ದಾರೆ. ಇವರ ದುಡ್ಡೆಲ್ಲ ಅವರೂರಿಗೇ ಹೋಗುತ್ತದೆಂದು ಗೊಣಗುವವರು ಸಂತೆಯ ದಿನ ಪೇಟೆಗೆ ಹೋಗಿ ನೋಡಲಿ. ಮೀನಿನ ಅಂಗಡಿಯವನು ಹಿಂದಿ ಕಲಿತದ್ದು ನಮಗಾಗಿ ಅಲ್ಲವಷ್ಟೆ!

ಕೊಯ್ಲು ಮುಗಿದೊಡನೆ ಇವರನ್ನು ಕಳುಹಿಸಿ ಮುಂದಿನ ವರ್ಷ ಮತ್ತೆ ಹುಡುಕುವುದು ನಮ್ಮಲ್ಲಿ ಅನೇಕರ ಪದ್ಧತಿ. ಸಣ್ಣ ತೋಟವೊಂದರಲ್ಲಿ ವರ್ಷವಿಡೀ ಒಂದು ಸಂಸಾರಕ್ಕೆ ಆಗುವಷ್ಟು ಕೆಲಸವಿಲ್ಲ, ನಿಜ. ಅಕ್ಕಪಕ್ಕದ ನಾಲ್ಕೈದು ಮಂದಿ ಸೇರಿದರೆ ಉಂಟು: ಅಡಿಕೆ, ಕಾಫಿ, ಮೆಣಸಿನ ಕೊಯ್ಲು, ನಂತರ ಕಸಿ, ಮರಗಸಿ, ಮಳೆಗೆ ಮುನ್ನ ಬೋರ್ಡೋ ಸಿಂಪಡಣೆ. ಯಾವ ವಾರ ಯಾರ ತೋಟವೆಂದು ಮೊದಲೇ ಬರೆದಿಟ್ಟುಕೊಳ್ಳಬೇಕು, ಇಲ್ಲವಾದರೆ ಜಗಳ ಖಂಡಿತ. ಒಂದು ದೇಶ ಒಂದು ಪಡಿತರ ಚೀಟಿ ವ್ಯವಸ್ಥೆಗೆ ಕರ್ನಾಟಕ 2020ರಲ್ಲೇ ಸೇರಿದೆ. ಆಧಾರ್ ಜೋಡಣೆಯಾಗಿದ್ದರೆ ಅವರೂರಿನ ಚೀಟಿಗೆ ನಮ್ಮ ನ್ಯಾಯಬೆಲೆ ಅಂಗಡಿಯಲ್ಲಿ ಧಾನ್ಯ ಪಡೆಯಬಹುದು. ಮೊದಲ ಸಲ ಜತೆಯಲ್ಲಿ ನಾವೇ ಹೋಗಿಬರುವುದು ಒಳ್ಳೆಯದು.