ಇ-ಮೇಲ್ ಕಾಗದಗಳನ್ನು ನಮ್ಮ ಕಂಪ್ಯೂಟರಿಗೆ ತಂದುಕೊಳ್ಳುವ ಕ್ರಮ

ಸಾಯಂಕಾಲ ಕೆಲಸ ಮುಗಿಸಿ ವಾಚನಾಲಯಕ್ಕೆ ಬರುವ ಬಂಧುಗಳಲ್ಲಿ ಅನೇಕರು ನಮ್ಮನ್ನು ಕೇಳುವ ಪ್ರಶ್ನೆ ಒಂದುಂಟು: "ಇ-ಮೇಲ್ ನೋಡಲು ಪ್ರತಿಸಲವೂ ಇಂಟರ್‌ನೆಟ್ಟಿಗೆ ಹೋಗಿ ಹೆಸರು, ಪಾಸ್‌ವರ್ಡ್ ಹೊಡೆಯಲೇಬೇಕೆ? ಕಾಗದಗಳೆಲ್ಲ ನಮ್ಮ ಕಂಪ್ಯೂಟರಿನಲ್ಲಿಯೇ ಇರುವಂತೆ ಮಾಡಲಾಗದೆ?" ಧಾರಾಳವಾಗಿ ಮಾಡಬಹುದು. ಅದು ಕಷ್ಟದ ಕೆಲಸವಲ್ಲ, ಖರ್ಚಿನ ಕೆಲಸವೂ ಅಲ್ಲ. ಆದರೆ ತಿಳಿಯದೆ ಮಾಡಿದರೆ ಇದ್ದ ಕಾಗದವನ್ನೂ ಕಳೆದುಕೊಳ್ಳುವ ಭಯವುಂಟು. ಆದುದರಿಂದ ಈ ಸಲದ ಪಾಠಕ್ಕೆ ಈ ವಿಷಯವನ್ನೇ ಆರಿಸಿಕೊಂಡಿದ್ದೇವೆ.

ಮೊದಲಿಗೆ ನಮ್ಮ ಸದಸ್ಯರೊಬ್ಬರ ಅನುಭವವನ್ನು ಹೇಳುವುದು ಒಳ್ಳೆಯದು. ಧಾರವಾಡದ ಕಡೆಯವರಾದ ಈ ಮಿತ್ರರು ಒಂದು ಖಾಸಗಿ ಕಚೇರಿಯಲ್ಲಿ ಗುಮಾಸ್ತರಾಗಿದ್ದರು. ಬಿಡುವಿನಲ್ಲಿ ಓದಲು ಅನುಕೂಲವೆಂದು ತಮ್ಮ ಸ್ವಂತ ಇ-ಮೇಲನ್ನು ಕಚೇರಿಯ ಕಂಪ್ಯೂಟರಿಗೆ ಜೋಡಿಸಿಕೊಂಡಿದ್ದರು. ಊರಿನಿಂದ ಅಣ್ಣ ಕಳುಹಿಸಿದ ಪಹಣಿಯ ನಕಲು, ಪ್ರಾವಿಡೆಂಟ್ ಫಂಡಿನ ಕಾಗದ, ಮಗಳ ಶಾಲೆಯ ರಸೀದಿ ಎಲ್ಲವೂ ಅದರಲ್ಲಿಯೇ ಬಂದು ಸೇರುತ್ತಿದ್ದವು. ಎರಡು ವರ್ಷಗಳ ಮೇಲೆ ಆ ಕೆಲಸ ಹೋಯಿತು. ಕಂಪ್ಯೂಟರನ್ನು ಒಪ್ಪಿಸಿ ಬಂದರು. ಮನೆಗೆ ಬಂದು ಮೊಬೈಲಿನಲ್ಲಿ ಇ-ಮೇಲ್ ತೆರೆದು ನೋಡಿದರೆ ಪೆಟ್ಟಿಗೆ ಬರಿದು! ಜೋಡಿಸುವಾಗ ಅವರು ಆರಿಸಿದ್ದ ಪದ್ಧತಿಯು ಪ್ರತಿಯೊಂದು ಕಾಗದವನ್ನೂ ಕಚೇರಿಯ ಯಂತ್ರಕ್ಕೆ ಇಳಿಸಿಕೊಂಡು, ಮೂಲ ಸ್ಥಳದಿಂದ ಅಳಿಸಿಬಿಡುತ್ತಿತ್ತು. ಪಹಣಿಯನ್ನು ಅಣ್ಣ ಮತ್ತೊಮ್ಮೆ ಕಳುಹಿಸಿದರು. ಫಂಡಿನ ಕಾಗದಕ್ಕೆ ಅಲೆದಾಡಬೇಕಾಯಿತು. ಆದರೆ ತೀರಿಹೋದ ತಂದೆಯವರು ಊರಿನ ಹುಡುಗನೊಬ್ಬನಿಂದ ಬರೆಸಿ ಕಳುಹಿಸಿದ್ದ ಹತ್ತಾರು ಕಾಗದಗಳು ಮಾತ್ರ ತಿರುಗಿ ಬರಲಿಲ್ಲ. ಯಂತ್ರದ ತಪ್ಪು ಇದರಲ್ಲಿ ಏನೂ ಇಲ್ಲ. ಹೇಳಿದಂತೆ ಅದು ಮಾಡಿತು. ಏನು ಹೇಳಿದೆವೆಂಬುದು ನಮಗೆ ತಿಳಿದಿರಲಿಲ್ಲ, ಅಷ್ಟೆ.

ಮೂರು ಹೆಸರುಗಳ ಪರಿಚಯ

ಇ-ಮೇಲ್ ವಿಳಾಸದ ನಡುವೆ ಬರುವ 'ಅಟ್' ಎಂಬ ಸುತ್ತುಗುರುತನ್ನು ರೇ ಟಾಮ್ಲಿನ್‌ಸನ್ ಎಂಬ ಅಮೆರಿಕದ ಎಂಜಿನಿಯರು 1971ರಲ್ಲಿ ಮೊದಲು ಬಳಸಿದರು. ಆಮೇಲೆ ಬೇರೆ ಬೇರೆ ಕಂಪ್ಯೂಟರುಗಳು ಕಾಗದವನ್ನು ಕೊಟ್ಟುಕೊಳ್ಳಲು ಕೆಲವು ನಿಯಮಗಳು ಏರ್ಪಟ್ಟವು. ಅವುಗಳಲ್ಲಿ ಮೂರನ್ನು ನಾವು ತಿಳಿದರೆ ಸಾಕು.

ಮೊದಲನೆಯದು ಎಸ್‌ಎಂಟಿಪಿ. 1982ರಲ್ಲಿ ಪ್ರಕಟವಾದ ಈ ನಿಯಮವು ಕಾಗದವನ್ನು ಕಳುಹಿಸುವುದಕ್ಕಾಗಿ ಇರುವುದು. ಬೀದಿಯ ಕೆಂಪು ಅಂಚೆ ಡಬ್ಬಿ ಇದ್ದಂತೆ. ಹಾಕುವುದಕ್ಕೆ ಮಾತ್ರ, ತೆಗೆಯುವುದಕ್ಕಲ್ಲ.

ಎರಡನೆಯದು ಪಾಪ್; 1984ರದು. ಬಂದ ಕಾಗದವನ್ನು ನಮ್ಮ ಕಂಪ್ಯೂಟರಿಗೆ ಇಳಿಸಿಕೊಳ್ಳುವ ಪದ್ಧತಿ. ಅಂಚೆ ಕಚೇರಿಗೆ ಹೋಗಿ ಪೆಟ್ಟಿಗೆಯಲ್ಲಿದ್ದುದನ್ನು ಚೀಲಕ್ಕೆ ತುಂಬಿಕೊಂಡು ಮನೆಗೆ ಬಂದಂತೆ. 'ಪ್ರತಿಯನ್ನು ಸರ್ವರಿನಲ್ಲಿಯೂ ಬಿಡು' ಎಂದು ಹೇಳದಿದ್ದರೆ ಪೆಟ್ಟಿಗೆ ಖಾಲಿಯಾಗುತ್ತದೆ. ನಮ್ಮ ಮಿತ್ರರಿಗೆ ಆದುದು ಇದೇ.

ಮೂರನೆಯದು ಐಮ್ಯಾಪ್. ಮಾರ್ಕ್ ಕ್ರಿಸ್ಪಿನ್ ಎಂಬವರು 1986ರಲ್ಲಿ ಇದನ್ನು ರೂಪಿಸಿದರು. ಇದರಲ್ಲಿ ಕಾಗದವು ಮೂಲ ಸ್ಥಳವಾದ ಸರ್ವರಿನಲ್ಲಿಯೇ ಇರುತ್ತದೆ. ನಾವು ಕಂಪ್ಯೂಟರಿನಿಂದಲೂ ಮೊಬೈಲಿನಿಂದಲೂ ಅದನ್ನೇ ನೋಡುತ್ತೇವೆ. ನಮ್ಮ ವಾಚನಾಲಯದ ಪತ್ರಿಕೆಯ ಹಾಗೆ: ಯಾರು ಯಾವ ಕುರ್ಚಿಯಲ್ಲಿ ಕುಳಿತು ಓದಿದರೂ ಪತ್ರಿಕೆ ಒಂದೇ. ಆದರೆ ಒಬ್ಬರು ಹಾಳೆ ಹರಿದರೆ ಎಲ್ಲರಿಗೂ ಹೋಯಿತು! ಐಮ್ಯಾಪಿನಲ್ಲಿಯೂ ಕಂಪ್ಯೂಟರಿನಲ್ಲಿ ಅಳಿಸಿದ ಕಾಗದವು ಮೊಬೈಲಿನಲ್ಲಿಯೂ ಇರುವುದಿಲ್ಲ. ಇದನ್ನು ನೆನಪಿಟ್ಟುಕೊಂಡವರಿಗೆ ಐಮ್ಯಾಪೇ ಸರಿಯಾದ ಪದ್ಧತಿ.

ಜೋಡಿಸುವ ಕ್ರಮ

ಉದಾಹರಣೆಗಾಗಿ ಥಂಡರ್‌ಬರ್ಡ್ ಎಂಬ ತಂತ್ರಾಂಶವನ್ನೂ ಜಿಮೇಲ್ ಖಾತೆಯನ್ನೂ ತೆಗೆದುಕೊಳ್ಳೋಣ. ಥಂಡರ್‌ಬರ್ಡಿನ ಮೊದಲ ಪೂರ್ಣ ಆವೃತ್ತಿ 2004ರಲ್ಲಿ ಹೊರಟಿತು. ಇದಕ್ಕೆ ಬೆಲೆಯಿಲ್ಲ; ವಿಂಡೋಸ್, ಮ್ಯಾಕ್, ಲಿನಕ್ಸ್ ಮೂರರಲ್ಲಿಯೂ ನಡೆಯುತ್ತದೆ. ಇದನ್ನು ಅದರ ಸ್ವಂತ ತಾಣವಾದ ಥಂಡರ್‌ಬರ್ಡ್ ಡಾಟ್ ನೆಟ್‌ನಿಂದಲೇ ಇಳಿಸಿಕೊಳ್ಳತಕ್ಕದ್ದು. ಸಿಕ್ಕಸಿಕ್ಕ ತಾಣಗಳಿಂದ ಇಳಿಸಿಕೊಂಡರೆ ಕಳ್ಳನಿಗೆ ಬಾಗಿಲು ತೆರೆದಂತೆ. ಆವೃತ್ತಿಯಿಂದ ಆವೃತ್ತಿಗೆ ಗುಂಡಿಗಳ ಹೆಸರು ಸ್ವಲ್ಪ ಬೇರೆಯಾಗಿರಬಹುದು. ಕ್ರಮ ಮಾತ್ರ ಇದೇ.

1. ತಂತ್ರಾಂಶವನ್ನು ತೆರೆದೊಡನೆ ಖಾತೆ ಸೇರಿಸುವ ಪುಟ ಬರುತ್ತದೆ. ಅದರಲ್ಲಿ ನಿಮ್ಮ ಪೂರ್ಣ ಹೆಸರನ್ನೂ ಇ-ಮೇಲ್ ವಿಳಾಸವನ್ನೂ ತುಂಬಿರಿ. ಕಾಗದ ಪಡೆದವರಿಗೆ ಕಾಣುವುದು ಈ ಹೆಸರೇ. ಕನ್ನಡದಲ್ಲಿ ಬರೆದರೂ ನಡೆಯುತ್ತದೆ.

2. 'ಕಂಟಿನ್ಯೂ' ಗುಂಡಿಯನ್ನು ಒತ್ತಿರಿ. ವಿಳಾಸವನ್ನು ನೋಡಿ ತಂತ್ರಾಂಶವು ಸರ್ವರಿನ ವಿವರಗಳನ್ನು ತಾನಾಗಿಯೇ ಹುಡುಕಿಕೊಳ್ಳುತ್ತದೆ.

3. ಐಮ್ಯಾಪೋ ಪಾಪೋ ಎಂದು ಕೇಳಿದಲ್ಲಿ ಐಮ್ಯಾಪನ್ನು ಆರಿಸಿರಿ. ಇಲ್ಲಿ ಅವಸರ ಕೂಡದು. ಪಾಠದ ಮುಖ್ಯ ಹೆಜ್ಜೆ ಇದೇ.

4. ಆಗ ಗೂಗಲಿನ ಪುಟ್ಟ ಕಿಟಕಿಯೊಂದು ತೆರೆಯುತ್ತದೆ. ಪಾಸ್‌ವರ್ಡನ್ನು ಅಲ್ಲಿ ಕೊಡಬೇಕು. ಮೊಬೈಲಿಗೆ ಸಂದೇಶ ಬಂದರೆ ಒಪ್ಪಿಗೆ ಕೊಟ್ಟು, ಕಡೆಯಲ್ಲಿ 'ಅಲೌ' ಎಂಬುದನ್ನು ಒತ್ತಬೇಕು. ಈ ಏರ್ಪಾಡಿನಲ್ಲಿ ನಿಮ್ಮ ಪಾಸ್‌ವರ್ಡು ಥಂಡರ್‌ಬರ್ಡಿನಲ್ಲಿ ಉಳಿಯುವುದಿಲ್ಲ. ಗೂಗಲ್ ಕೊಟ್ಟ ಒಂದು ಪರವಾನಗಿಯ ಚೀಟಿ ಮಾತ್ರ ಉಳಿಯುತ್ತದೆ. ಬೇಡವೆನಿಸಿದ ದಿನ ನಿಮ್ಮ ಗೂಗಲ್ ಖಾತೆಗೆ ಹೋಗಿ ಆ ಚೀಟಿಯನ್ನು ರದ್ದು ಮಾಡಬಹುದು.

5. ಎಡಗಡೆ 'ಇನ್‌ಬಾಕ್ಸ್' ಕಾಣಿಸಿಕೊಂಡು ಕಾಗದಗಳು ಒಂದೊಂದಾಗಿ ತುಂಬತೊಡಗುತ್ತವೆ. ಹಳೆಯ ಖಾತೆಯಾದರೆ ಗಂಟೆಗಟ್ಟಲೆ ಹಿಡಿಯಬಹುದು. ಗಾಬರಿಪಡಬೇಕಾದುದಿಲ್ಲ.

6. ನಿಮಗೆ ನೀವೇ ಒಂದು ಕಾಗದ ಕಳುಹಿಸಿ ನೋಡಿರಿ. ಹೋಗಿ, ತಿರುಗಿ ಬಂದರೆ ಕೆಲಸ ಮುಗಿದಂತೆ.

ವಿವರಗಳನ್ನು ನಾವೇ ತುಂಬಬೇಕಾಗಿ ಬಂದರೆ

ಕೆಲವು ಸಲ ತಂತ್ರಾಂಶವು ವಿವರಗಳನ್ನು ಹುಡುಕಲಾರದು. ಆಗ ಜಿಮೇಲಿಗೆ ಹೀಗೆ ತುಂಬಬೇಕು. ಬರುವ ಕಾಗದದ ಸರ್ವರು: ಐಮ್ಯಾಪ್ ಡಾಟ್ ಜಿಮೇಲ್ ಡಾಟ್ ಕಾಮ್, ಪೋರ್ಟ್ ಸಂಖ್ಯೆ 993, ಭದ್ರತೆ ಎಸ್‌ಎಸ್‌ಎಲ್. ಹೋಗುವ ಕಾಗದದ ಸರ್ವರು: ಎಸ್‌ಎಂಟಿಪಿ ಡಾಟ್ ಜಿಮೇಲ್ ಡಾಟ್ ಕಾಮ್, ಪೋರ್ಟ್ ಸಂಖ್ಯೆ 465, ಭದ್ರತೆ ಎಸ್‌ಎಸ್‌ಎಲ್, ಅಥವಾ 587, ಭದ್ರತೆ ಸ್ಟಾರ್ಟ್‌ಟಿಎಲ್‌ಎಸ್. ದೃಢೀಕರಣದ ಬಗೆ ಎಂಬಲ್ಲಿ ಓಆತ್2 ಎಂಬುದನ್ನು ಆರಿಸಬೇಕು. ಬಳಕೆದಾರರ ಹೆಸರು ಎಂದರೆ ಪೂರ್ಣ ಇ-ಮೇಲ್ ವಿಳಾಸ. ಸರ್ವರಿನ ಹೆಸರನ್ನು ಇಂಗ್ಲಿಷಿನ ಸಣ್ಣ ಅಕ್ಷರಗಳಲ್ಲಿ, ನಡುವೆ ಜಾಗ ಬಿಡದೆ, 'ಡಾಟ್' ಎಂದಲ್ಲಿ ಚುಕ್ಕೆಯಿಟ್ಟು ಬರೆಯತಕ್ಕದ್ದು.

ಪೋರ್ಟ್ ಸಂಖ್ಯೆ ಏನೆಂದು ಕೆಲವರು ಕೇಳುವುದುಂಟು. ದೊಡ್ಡ ಅಂಚೆ ಕಚೇರಿಯಲ್ಲಿ ರಿಜಿಸ್ಟರಿಗೆ ಒಂದು ಕಿಟಕಿ, ಉಳಿತಾಯ ಖಾತೆಗೆ ಒಂದು ಕಿಟಕಿ ಇರುವಂತೆ, ಸರ್ವರಿನಲ್ಲಿಯೂ ಒಂದೊಂದು ಕೆಲಸಕ್ಕೆ ಒಂದೊಂದು ಕಿಟಕಿ. ತಪ್ಪು ಕಿಟಕಿಯಲ್ಲಿ ನಿಂತರೆ ಎಷ್ಟು ಹೊತ್ತು ಕಾದರೂ ಕೆಲಸವಾಗದು.

'ಪಾಸ್‌ವರ್ಡ್ ಸರಿಯಿದೆ, ಆದರೂ ಒಪ್ಪುವುದಿಲ್ಲ' ಎಂಬ ದೂರು ನಮಗೆ ಹೆಚ್ಚಾಗಿ ಬರುತ್ತದೆ. ಬರಿಯ ಹೆಸರು, ಪಾಸ್‌ವರ್ಡುಗಳಿಂದ ಒಳಗೆ ಬರುತ್ತಿದ್ದ ಹಳೆಯ ತಂತ್ರಾಂಶಗಳಿಗೆ ಗೂಗಲ್ 2022ರ ಮೇ ತಿಂಗಳಿಂದ ಬಾಗಿಲು ಮುಚ್ಚತೊಡಗಿತು. ಹಳೆಯ ತಂತ್ರಾಂಶವನ್ನೇ ಬಳಸಬೇಕಾದವರು ಖಾತೆಯಲ್ಲಿ ಎರಡು ಹಂತದ ಪರಿಶೀಲನೆಯನ್ನು ಆರಂಭಿಸಿ, 16 ಅಕ್ಷರಗಳ 'ಆಪ್ ಪಾಸ್‌ವರ್ಡ್' ಪಡೆದು, ಅದನ್ನು ಪಾಸ್‌ವರ್ಡಿನ ಜಾಗದಲ್ಲಿ ತುಂಬಬೇಕು.

ಇದರಿಂದಾಗುವ ಪ್ರಯೋಜನ

ಥಂಡರ್‌ಬರ್ಡು ಐಮ್ಯಾಪ್ ಕಾಗದಗಳ ಒಂದೊಂದು ಪ್ರತಿಯನ್ನು ಕಂಪ್ಯೂಟರಿನಲ್ಲಿಯೂ ಇಟ್ಟುಕೊಳ್ಳುತ್ತದೆ. ಆದುದರಿಂದ ಇಂಟರ್‌ನೆಟ್ ಇಲ್ಲದ ರಾತ್ರಿಯಲ್ಲಿಯೂ ಹಳೆಯ ಕಾಗದವನ್ನು ತೆಗೆದು ಓದಬಹುದು, ಉತ್ತರ ಬರೆದು 'ಔಟ್‌ಬಾಕ್ಸ್'ನಲ್ಲಿ ಇಡಬಹುದು. ಸಂಪರ್ಕ ಬಂದಾಗ ಕಳುಹಿಸಿದರಾಯಿತು.

ಇದಕ್ಕಿಂತ ದೊಡ್ಡ ಪ್ರಯೋಜನ ಮತ್ತೊಂದು. ಎಡಗಡೆಯ ಪಟ್ಟಿಯಲ್ಲಿ 'ಲೋಕಲ್ ಫೋಲ್ಡರ್ಸ್' ಎಂಬುದಿದೆ. ಅದರೊಳಗೆ 'ಊರು', 'ನೌಕರಿ', 'ಮಕ್ಕಳು' ಎಂದು ಕಟ್ಟುಗಳನ್ನು ಮಾಡಿ, ಮುಖ್ಯವಾದ ಕಾಗದಗಳ ಪ್ರತಿಗಳನ್ನು ಅಲ್ಲಿಗೆ ಹಾಕಿರಿ. ಸರ್ವರಿನಲ್ಲಿ ಏನೇ ಆದರೂ ಈ ಪ್ರತಿಗಳು ಉಳಿಯುತ್ತವೆ. ಹಾಕುವಾಗ 'ಕಾಪಿ' ಎಂಬುದನ್ನು ಒತ್ತಬೇಕು, 'ಮೂವ್' ಎಂಬುದನ್ನಲ್ಲ. ಎರಡನೆಯದನ್ನು ಒತ್ತಿದರೆ ಕಾಗದವು ಮೂಲದಿಂದ ಎದ್ದುಬರುತ್ತದೆ. ಕಂಪ್ಯೂಟರೂ ಕೆಡುವ ವಸ್ತುವೇ ಆದ್ದರಿಂದ ಮತ್ತೊಂದು ಪ್ರತಿಯನ್ನು ಪೆನ್ ಡ್ರೈವಿನಲ್ಲಿ ಇಟ್ಟವರು ಜಾಣರು.

ಕನ್ನಡ ಅಕ್ಷರಗಳ ವಿಚಾರ

ಊರಿನಿಂದ ಬಂದ ಕನ್ನಡ ಕಾಗದವು ಅರ್ಥವಿಲ್ಲದ ಇಂಗ್ಲಿಷ್ ಗುರುತುಗಳಾಗಿ ಕಾಣುವುದುಂಟು. ಬರೆದವರು ಹಳೆಯ ಬಗೆಯ ಅಕ್ಷರವಿನ್ಯಾಸದಲ್ಲಿ ಬರೆದುದೇ ಇದಕ್ಕೆ ಕಾರಣ. ಆ ಬಗೆಯಲ್ಲಿ ಒಳಗಿರುವುದು ಇಂಗ್ಲಿಷ್ ಸಂಕೇತ, ಮೇಲೆ ತೊಟ್ಟಿರುವುದು ಕನ್ನಡದ ಉಡುಪು. ಉಡುಪಿಲ್ಲದ ಯಂತ್ರದಲ್ಲಿ ಒಳಗಿನದೇ ಕಾಣುತ್ತದೆ. ಯೂನಿಕೋಡ್ ಎಂಬ ಜಾಗತಿಕ ಪದ್ಧತಿಯಲ್ಲಿ ಕನ್ನಡದ ಪ್ರತಿ ಅಕ್ಷರಕ್ಕೂ 1991ರಿಂದಲೇ ಸ್ವಂತ ಸ್ಥಾನವಿದೆ. ಮೊಬೈಲಿನಲ್ಲಿ ನಾವು ಬರೆಯುವ ಕನ್ನಡವು ಯೂನಿಕೋಡೇ. ನುಡಿಯಲ್ಲಿಯೂ ಯೂನಿಕೋಡ್ ಬರೆಯುವ ಸೌಕರ್ಯವಿದೆ. ಊರಿನವರಿಗೆ ಇಷ್ಟು ತಿಳಿಸಿದರೆ ಅಲ್ಲಿ ಬರೆದ ಕನ್ನಡವು ಇಲ್ಲಿಯೂ ಕನ್ನಡವಾಗಿಯೇ ಬಂದು ಸೇರುತ್ತದೆ.

ಎಚ್ಚರಿಕೆಯ ಮಾತು

ಸ್ವಂತ ಖಾತೆಯನ್ನು ಕಚೇರಿಯ ಯಂತ್ರಕ್ಕಾಗಲಿ ನಮ್ಮ ವಾಚನಾಲಯದ ಯಂತ್ರಕ್ಕಾಗಲಿ ಜೋಡಿಸಕೂಡದು. ಥಂಡರ್‌ಬರ್ಡನ್ನು ತೆರೆದವರಿಗೆಲ್ಲ ನಿಮ್ಮ ಕಾಗದ ಕಾಣುತ್ತದೆ. ಈಗಾಗಲೇ ಜೋಡಿಸಿದವರು ಕೆಲಸ ಬಿಡುವ ಮೊದಲು, ಎಲ್ಲ ಕಾಗದಗಳೂ ಸರ್ವರಿನಲ್ಲಿ ಇವೆಯೇ ಎಂದು ಮೊಬೈಲಿನಲ್ಲಿ ನೋಡಿ, ಅನಂತರ ಖಾತೆಯನ್ನೂ ಅದರ ಕಾಗದಗಳನ್ನೂ ಯಂತ್ರದಿಂದ ತೆಗೆಯಬೇಕು.

ಜಿಮೇಲಿನ ಕಸದ ಬುಟ್ಟಿಗೆ ಹೋದ ಕಾಗದವು 30 ದಿನ ಮಾತ್ರ ಅಲ್ಲಿರುತ್ತದೆ. ಉಚಿತವಾಗಿ ಸಿಗುವ ಜಾಗ 15 ಜಿಬಿ. ಅದರಲ್ಲಿ ಗೂಗಲಿನಲ್ಲಿಟ್ಟ ಚಿತ್ರಗಳೂ ಸೇರಿರುತ್ತವೆ. ಎರಡು ವರ್ಷ ಮುಟ್ಟದೆ ಬಿಟ್ಟ ಖಾತೆಯನ್ನು ಗೂಗಲ್ ಅಳಿಸಬಹುದು.

ನಮ್ಮಂಥ ವಲಸಿಗರು ಮರೆಯಬಾರದ ಮಾತು ಇನ್ನೊಂದು. ಊರು ಬದಲಾದಾಗ ನಾವು ಸಿಮ್ ಬದಲಿಸುತ್ತೇವೆ. ಖಾತೆಯಲ್ಲಿ ಹಳೆಯ ಸಂಖ್ಯೆಯೇ ಉಳಿದಿರುತ್ತದೆ. ಪರಿಶೀಲನೆಯ ಸಂದೇಶ ಆ ಸಂಖ್ಯೆಗೆ ಹೋದರೆ ನಮ್ಮ ಮನೆಗೆ ನಮಗೇ ಪ್ರವೇಶವಿಲ್ಲ. ಹಳೆಯ ಸಿಮ್ ಬಿಸಾಡುವ ಮೊದಲು ಖಾತೆಯಲ್ಲಿ ಹೊಸ ಸಂಖ್ಯೆಯನ್ನು ಬರೆಯಿರಿ. ಗೂಗಲ್ ಕೊಡುವ ಹತ್ತು ಆಪತ್ಕಾಲದ ಸಂಖ್ಯೆಗಳನ್ನು ಕಾಗದದ ಮೇಲೆ ಬರೆದು, ರೇಷನ್ ಕಾರ್ಡಿನ ಜೊತೆಯಲ್ಲಿ ಭದ್ರವಾಗಿಡಿರಿ. ಒಂದೊಂದು ಸಂಖ್ಯೆಯೂ ಒಂದೇ ಸಲ ನಡೆಯುತ್ತದೆ.

ಅಭ್ಯಾಸ

ಇದನ್ನು ಓದಿದವರು ಇಂದೇ ಮಾಡಬೇಕಾದ ಕೆಲಸ ಎರಡು. ನಿಮ್ಮ ಖಾತೆ ಪಾಪಿನಲ್ಲಿದೆಯೋ ಐಮ್ಯಾಪಿನಲ್ಲಿದೆಯೋ ನೋಡಿರಿ. ಪಾಪಿನಲ್ಲಿದ್ದರೆ, ಸರ್ವರಿನಲ್ಲಿ ಪ್ರತಿ ಬಿಡುವ ಗುರುತು ಇದೆಯೇ ಎಂದು ಪರೀಕ್ಷಿಸಿರಿ. ಆಮೇಲೆ ಊರಿನ ಹಿರಿಯರಿಂದ ಬಂದ ಒಂದು ಕಾಗದವನ್ನು ಆರಿಸಿ, ಅದರ ಪ್ರತಿಯನ್ನು ಬೇರೆ ಕಡೆ ತೆಗೆದಿಡಿರಿ. ನಮ್ಮ ಮಿತ್ರರು ಈ ಪಾಠವನ್ನು ಬರೆಯಲು ಒತ್ತಾಯಿಸಿದ್ದು ಇದೊಂದು ಕಾರಣಕ್ಕಾಗಿ. ಸಂಶಯವಿದ್ದವರು ಭಾನುವಾರ ಬೆಳಿಗ್ಗೆ ವಾಚನಾಲಯಕ್ಕೆ ಬಂದರೆ ಕೂಡಿ ನೋಡೋಣ. ಬರುವಾಗ ಪಾಸ್‌ವರ್ಡನ್ನು ನೆನಪಿನಲ್ಲಿಟ್ಟುಕೊಂಡು ಬನ್ನಿರಿ. ನಮಗೆ ಮಾತ್ರ ಹೇಳಬೇಡಿರಿ.