ಪೊದೆ ಮೆಣಸಿನ ಎಲೆ ಹಳದಿಯಾದರೆ ಮೊದಲು ಕುಂಡದ ತಳ ನೋಡಿ

ಕಾಳುಮೆಣಸಿನ ಬಳ್ಳಿಯಲ್ಲಿ ಕಾಯಿ ಕಚ್ಚುವ ಅಡ್ಡರೆಂಬೆಯನ್ನು ಬೇರು ಬರಿಸಿ ನೆಟ್ಟರೆ ಅದು ಮರ ಹತ್ತುವುದಿಲ್ಲ, ಪೊದೆಯಾಗಿ ನಿಲ್ಲುತ್ತದೆ. ತೋಟ ಇಲ್ಲದವರೂ ಅಂಗಳದ ಕುಂಡದಲ್ಲೇ ಬೆಳೆದುಕೊಳ್ಳಬಹುದಾದ ಮೆಣಸು ಇದು. ಸಾಗರ, ಹೊಸನಗರ, ತೀರ್ಥಹಳ್ಳಿ ಕಡೆ ಇದಕ್ಕೆ ಬರುವ ದೊಡ್ಡ ಕಷ್ಟವೆಂದರೆ ಮಳೆ. ತೀರ್ಥಹಳ್ಳಿ ತಾಲ್ಲೂಕಿನ ಆಗುಂಬೆಯಲ್ಲಿ ವರ್ಷದ ಸರಾಸರಿ ಮಳೆ 7,000 ಮಿ.ಮೀ. ದಾಟುತ್ತದೆ. ಇಂಥ ಊರುಗಳಲ್ಲಿ ಆರಿದ್ರೆ ಹಿಡಿದ ಮೇಲೆ ಎಲೆ ಹಳದಿಯಾದರೆ ಗಿಡಕ್ಕೆ ಹಸಿವಾಗಿದೆ ಎಂದುಕೊಳ್ಳಬೇಡಿ. ಬಹಳ ಸಲ ಅದರ ಬೇರಿಗೆ ಉಸಿರು ಕಟ್ಟಿರುತ್ತದೆ. ನಾನು ಮೊದಲ ವರ್ಷ ಹಳದಿ ಗಿಡಕ್ಕೆ ಯೂರಿಯಾ ಹಾಕಿ, ಎರಡು ವಾರದಲ್ಲಿ ಕಳೆದುಕೊಂಡೆ.

ಹಂತ 1: ಯಾವ ಎಲೆ ಎಂದು ನೋಡಿ
ಬುಡದ ಹಳೆಯ ಎಲೆ ಒಂದೇ ಸಮನಾಗಿ ಹಳದಿಯಾಗಿ, ಕುಡಿ ಹಸಿರಾಗಿದ್ದರೆ ಸಾರಜನಕದ ಕೊರತೆ. ಹಳೆಯ ಎಲೆಯಲ್ಲೇ ನರ ಹಸಿರಾಗಿದ್ದು ನಡುವಿನ ಭಾಗ ಹಳದಿಯಾದರೆ ಮೆಗ್ನೀಸಿಯಂ. ಅದೇ ಚಿತ್ರ ಕುಡಿ ಎಲೆಯಲ್ಲಿ ಕಂಡರೆ ಕಬ್ಬಿಣ ಅಥವಾ ಸತು. ಏಪ್ರಿಲ್ ಬಿಸಿಲಿಗೆ ಮುಖ ಮಾಡಿದ ಎಲೆ ಮಾತ್ರ ಬಿಳಿಚಿದ್ದರೆ ಕುಂಡವನ್ನು ನೆರಳಿಗೆ ಸರಿಸಿ, ಸಾಕು. ಗಿಡವೆಲ್ಲ ಹಳದಿಯಾಗಿ, ಮಣ್ಣು ಒದ್ದೆಯಿದ್ದರೂ ಎಲೆ ಜೋಲುತ್ತಿದ್ದರೆ ಮುಂದಿನ ಹಂತಕ್ಕೆ ಬನ್ನಿ.

ಹಂತ 2: ಒಂದು ಚೊಂಬು ನೀರಿನ ಪರೀಕ್ಷೆ
ಕುಂಡವನ್ನು ಎರಡು ಇಟ್ಟಿಗೆಯ ಮೇಲಿಟ್ಟು ನೀರು ಹೊಯ್ಯಿರಿ. ಒಂದೆರಡು ನಿಮಿಷದಲ್ಲಿ ತಳದಿಂದ ಇಳಿಯಬೇಕು. ಮೇಲೆಯೇ ನಿಂತರೆ ತೂತು ಕಟ್ಟಿದೆ, ಇಲ್ಲವೇ ಮಣ್ಣು ಗಟ್ಟಿಯಾಗಿದೆ. ಅಡಿಯಿಂದ ಕಡ್ಡಿ ತೂರಿಸಿ ತೂತು ಬಿಡಿಸಿ. ಕುಂಡದ ಕೆಳಗಿನ ತಟ್ಟೆಯನ್ನು ಮಳೆಗಾಲ ಮುಗಿಯುವವರೆಗೆ ಎತ್ತಿಡಿ.

ಹಂತ 3: ಬೇರು ನೋಡಿ
ಹೆದರಬೇಡಿ, ಗಿಡ ಸಾಯುವುದಿಲ್ಲ. ಬುಡವನ್ನು ಬೆರಳುಗಳ ನಡುವೆ ಹಿಡಿದು, ಕುಂಡವನ್ನು ಓರೆ ಮಾಡಿ, ಅಂಚಿಗೆ ಅಂಗೈಯಿಂದ ಬಡಿಯಿರಿ. ಮಣ್ಣಿನ ಮುದ್ದೆ ಇಡಿಯಾಗಿ ಜಾರಿ ಬರುತ್ತದೆ. ಒಳ್ಳೆಯ ಬೇರು ಕೆನೆಬಣ್ಣದ್ದು, ಹಿಡಿದರೆ ಗಟ್ಟಿ. ಕೊಳೆತ ಬೇರು ಕಪ್ಪು. ಎರಡು ಬೆರಳಲ್ಲಿ ಹಿಡಿದು ಎಳೆದರೆ ಸಿಪ್ಪೆ ಕಳಚಿ ಕೈಗೆ ಬಂದು, ಒಳಗಿನ ನಾರು ದಾರದಂತೆ ಉಳಿಯುತ್ತದೆ. ಕೊಳೆತ ಮೊಟ್ಟೆಯ ವಾಸನೆ ಬಂದರೆ ನೀರು ಬಹಳ ದಿನ ನಿಂತಿತ್ತೆಂದೇ ಅರ್ಥ. ಬೇರಿನಲ್ಲಿ ರಾಗಿ ಕಾಳು ಪೋಣಿಸಿದಂತೆ ಗಂಟುಗಳಿದ್ದರೆ ಅದು ಜಂತುಹುಳುವಿನ ಕಾಟ. ಇಂಥ ಗಿಡ ನಿಧಾನವಾಗಿ ಸೊರಗುತ್ತದೆ. ಆ ಮಣ್ಣನ್ನು ಬೇರೆ ಕುಂಡಕ್ಕೆ ಬಳಸಬೇಡಿ, ಹೊಸ ಮಣ್ಣಿಗೆ ಬೇವಿನ ಹಿಂಡಿ ಸೇರಿಸಿ.

ಎಲೆಯ ಮೇಲೆ ಅಂಚು ಹರಡಿದ ಕಪ್ಪು ಮಚ್ಚೆ, ಬುಡದಲ್ಲಿ ಕಪ್ಪು ಪಟ್ಟಿ ಕಂಡರೆ ಶೀಘ್ರ ಸೊರಗು ರೋಗ. ತಡಮಾಡದೆ ಆ ಕುಂಡವನ್ನು ಉಳಿದವುಗಳಿಂದ ದೂರ ಇಡಿ.

ಹಂತ 4: ಮಣ್ಣು ಬದಲಿಸಿ
ಕೊಳೆತ ಬೇರನ್ನು ಶುದ್ಧವಾದ ಕತ್ತರಿಯಿಂದ ತೆಗೆಯಿರಿ. ಎರಡು ಪಾಲು ಮಣ್ಣು, ಒಂದು ಪಾಲು ಮರಳು, ಒಂದು ಪಾಲು ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ ಬೆರೆಸಿ. ನಮ್ಮ ಕೆಂಪು ಜಂಬಿಟ್ಟಿಗೆ ಮಣ್ಣನ್ನೇ ತುಂಬಿದರೆ ಮಳೆಗೆ ಗಾರೆಯಂತೆ ಕೂರುತ್ತದೆ. ತಳಕ್ಕೆ ನಾಲ್ಕು ಬೆರಳು ಜಲ್ಲಿ ಹಾಕುವ ರೂಢಿ ಹಲವರಲ್ಲಿದೆ, ಅದನ್ನು ಬಿಡಿ. ಸಣ್ಣ ಕಣದ ಮಣ್ಣು ನೀರನ್ನು ಸುಲಭವಾಗಿ ಜಲ್ಲಿಗೆ ಬಿಟ್ಟುಕೊಡುವುದಿಲ್ಲ. ನೀರು ಜಲ್ಲಿಯ ಮೇಲೆಯೇ, ಬೇರಿನ ಮಟ್ಟದಲ್ಲೇ ನಿಲ್ಲುತ್ತದೆ. ತೂತಿನ ಮೇಲೆ ಒಂದು ಹೆಂಚಿನ ಚೂರು ಸಾಕು.

ಹಂತ 5: ಬೋರ್ಡೋ
ಅಡಿಕೆಗೆ ಕೊಳೆ ಔಷಧಿ ಹೊಡೆಯುವ ಮನೆಯಾದರೆ ಅದೇ ಶೇ. 1ರ ದ್ರಾವಣವನ್ನು ಎಲೆಗೂ ಬುಡಕ್ಕೂ ಕೊಡಿ. ಇಲ್ಲದಿದ್ದರೆ 100 ಗ್ರಾಂ ಮೈಲುತುತ್ತವನ್ನು 5 ಲೀಟರ್ ನೀರಿನಲ್ಲಿ, 100 ಗ್ರಾಂ ಸುಣ್ಣವನ್ನು ಇನ್ನೊಂದು 5 ಲೀಟರ್‌ನಲ್ಲಿ ಕರಗಿಸಿ. ಪ್ಲಾಸ್ಟಿಕ್ ಬಕೆಟ್ಟೇ ಆಗಬೇಕು. ತುತ್ತದ ನೀರನ್ನು ಸುಣ್ಣದ ನೀರಿಗೆ ಹೊಯ್ಯುತ್ತ ಕದಡಿ. ಕಬ್ಬಿಣದ ಕತ್ತಿಯನ್ನು ಅದ್ದಿ ತೆಗೆದಾಗ ಕೆಂಪು ಬಣ್ಣ ಹತ್ತಿದರೆ ಇನ್ನಷ್ಟು ಸುಣ್ಣ ಬೇಕು. ಮಾಡಿದ ದಿನವೇ ಬಳಸಿ ಮುಗಿಸಿ. ಟ್ರೈಕೋಡರ್ಮಾ ಕೊಡುವವರು ಇದರ ಜೊತೆಗೇ ಕೊಡಬಾರದು, ತಾಮ್ರಕ್ಕೆ ಆ ಒಳ್ಳೆಯ ಶಿಲೀಂಧ್ರವೂ ಸಾಯುತ್ತದೆ.

ಹಿಪ್ಪಲಿ ಕಸಿ ಗಿಡದ ಲೆಕ್ಕ ಬೇರೆ. ಅದರ ಬೇರು ತೇವವನ್ನೂ ಸೊರಗು ರೋಗವನ್ನೂ ತಡೆಯುತ್ತದೆ, ಒಣಗುವುದನ್ನು ತಡೆಯದು. ಫೆಬ್ರುವರಿ, ಮಾರ್ಚ್‌ನಲ್ಲಿ ಕಸಿ ಗಿಡ ಹಳದಿಯಾದರೆ ನೀರು ಸಾಲದೆ ಹೋಗಿದೆ.

ಮಣ್ಣು ಬದಲಿಸಿದ ಮೇಲೆ ಹೊಸ ಕುಡಿ ಬರುವವರೆಗೆ ಯಾವ ಗೊಬ್ಬರವೂ ಬೇಡ. ಹಳದಿಯಾದ ಎಲೆ ಮತ್ತೆ ಹಸಿರಾಗದಿದ್ದರೂ ಚಿಂತೆ ಬೇಡ, ಚಿಗುರಿನ ಬಣ್ಣ ನೋಡಿ.

ಇಷ್ಟಾದರೂ ಗೊತ್ತಾಗದಿದ್ದರೆ ತಾಲ್ಲೂಕಿನ ತೋಟಗಾರಿಕೆ ಇಲಾಖೆಯಲ್ಲಿ, ಇಲ್ಲವೇ ಸಾಗರ ತಾಲ್ಲೂಕಿನ ಇರುವಕ್ಕಿಯಲ್ಲಿರುವ ಕೆಳದಿ ಶಿವಪ್ಪ ನಾಯಕ ಕೃಷಿ ಮತ್ತು ತೋಟಗಾರಿಕಾ ವಿಜ್ಞಾನಗಳ ವಿಶ್ವವಿದ್ಯಾಲಯದಲ್ಲಿ ಕೇಳಿ. ಹೋಗುವಾಗ ಎಲೆ ಮಾತ್ರ ಕಿತ್ತುಕೊಂಡು ಹೋಗಬೇಡಿ. ಬೇರು, ಹಿಡಿ ಮಣ್ಣು ಸಮೇತ ಒಯ್ಯಿರಿ.