ಹೊಸ ಟೈರ್ ಹಿಂದಿನ ಚಕ್ರಕ್ಕೆ

ಕಾರಿನ ನಾಲ್ಕೂ ಟೈರ್ ಒಟ್ಟಿಗೆ ಬದಲಾಯಿಸುವಷ್ಟು ದುಡ್ಡು ಎಲ್ಲರ ಕೈಯಲ್ಲೂ ಎಲ್ಲ ಕಾಲದಲ್ಲೂ ಇರುವುದಿಲ್ಲ. ಕೊಬ್ಬರಿ ಮಾರಿದಾಗ ಎರಡು, ಶುಂಠಿ ದುಡ್ಡು ಬಂದಾಗ ಇನ್ನೆರಡು. ನಮ್ಮ ಕಡೆ ನಡೆಯುವುದು ಹೀಗೆ. ಆ ಎರಡನ್ನು ಮುಂದಕ್ಕೆ ಹಾಕಿಸಬೇಕೋ ಹಿಂದಕ್ಕೋ ಎಂದು ಮಾದಿಹಳ್ಳಿ, ಹಳೇಬೀಡು, ಬೇಲೂರಿನ ಯಾವ ಟೀ ಅಂಗಡಿ ಮುಂದೆ ಕೇಳಿದರೂ ಬರುವ ಉತ್ತರ ಒಂದೇ: ಮುಂದಕ್ಕೆ. ಈ ರಸ್ತೆಗಳಲ್ಲಿ ವರ್ಷಗಟ್ಟಲೆ ಕಾರು ಓಡಿಸಿ, ಕಂಡು, ಕೇಳಿ, ಓದಿ ನಾನು ತಿಳಿದುಕೊಂಡದ್ದು ಅದಕ್ಕೆ ತದ್ವಿರುದ್ಧ. ಹಿಂದಕ್ಕೆ ಹಾಕಿಸಿ. ಹಿಂದೆ ಇದ್ದ ಅರೆಸವೆದ ಜೋಡಿ ಮುಂದಕ್ಕೆ ಬರಲಿ.

ಇದು ಎಲ್ಲ ಊರಿನವರಿಗೂ ಅನ್ವಯಿಸುವ ಮಾತು. ಆದರೆ ನಮ್ಮ ಸೀಮೆಯವರಿಗೆ ಒಂದು ಪಟ್ಟು ಹೆಚ್ಚು. ಬೇಲೂರು ತಾಲ್ಲೂಕಿನ ಪಡುವಲಲ್ಲಿ ಬಿಕ್ಕೋಡು, ಅರೇಹಳ್ಳಿ: ಕಾಫಿ, ಮೆಣಸು, ಹಿಡಿದರೆ ವಾರಗಟ್ಟಲೆ ಬಿಡದ ಮಳೆ. ಮೂಡಲಲ್ಲಿ ಹಳೇಬೀಡು ದಾಟಿ ಜಾವಗಲ್, ಅರಸೀಕೆರೆ ಕಡೆ ಹೋದರೆ ತೆಂಗು, ರಾಗಿ, ಜೋಳ, ಮೋಡ ನೋಡುತ್ತಾ ಕೂರುವ ಬಯಲು. ನಾವು ಈ ಎರಡರ ನಡುವಿನವರು. ಬೆಳಿಗ್ಗೆ ಅರಸೀಕೆರೆ ಮಾರುಕಟ್ಟೆಗೆ ಹೋದಾಗ ರಸ್ತೆಯಲ್ಲಿ ದೂಳು ಏಳುತ್ತಿರುತ್ತದೆ. ಅದೇ ಕಾರು ಅದೇ ಸಂಜೆ ಮೂಡಿಗೆರೆ ಕಡೆ ತಿರುಗಿದರೆ ವೈಪರ್ ಪೂರ್ತಿ ಜೋರಾಗಿ ಓಡಿದರೂ ದಾರಿ ಕಾಣಿಸದು. ಟೈರು ಹೇಗಿದೆ ಎಂಬ ನಮ್ಮ ತೀರ್ಮಾನವೆಲ್ಲ ಒಣ ರಸ್ತೆಯ ಮೇಲೆ ಆಗಿರುತ್ತದೆ. ಅದರ ಪರೀಕ್ಷೆ ನಡೆಯುವುದು ಮಾತ್ರ ನೆಂದ ರಸ್ತೆಯಲ್ಲಿ.

ಒಣ ಡಾಂಬರಿನ ಮೇಲೆ ಸವೆದ ಟೈರು ಹೊಸದರಷ್ಟೇ ಚೆನ್ನಾಗಿ ಹಿಡಿಯುತ್ತದೆ. ರೇಸ್ ಕಾರುಗಳಿಗೆ ಒಣ ದಿನಗಳಲ್ಲಿ ತೋಡುಗಳೇ ಇಲ್ಲದ ನುಣುಪು ಟೈರ್ ಹಾಕುವುದು ಅದಕ್ಕೇ. ಟೈರಿನ ಮೇಲಿನ ಆ ತೋಡುಗಳು, ಗೆರೆಗಳು ಇರುವುದು ನೀರಿಗಾಗಿ. ಒಂದೊಂದು ಚಕ್ರವೂ ನೆಲ ಮುಟ್ಟುವುದು ಸುಮಾರು ಒಂದು ಅಂಗೈ ಅಗಲದಷ್ಟು. ಅಷ್ಟು ಜಾಗದ ಅಡಿಯಿಂದ ಕಣ್ಣು ಮಿಟುಕಿಸುವುದರೊಳಗೆ ನೀರನ್ನು ಪಕ್ಕಕ್ಕೆ ಹಾಯಿಸಿ ರಬ್ಬರನ್ನು ಡಾಂಬರಿಗೆ ಮುಟ್ಟಿಸಬೇಕು. ಹೊಸ ಟೈರಿನ ತೋಡು ಏಳೆಂಟು ಮಿಲಿಮೀಟರ್ ಆಳ ಇರುತ್ತದೆ, ನೀರಿಗೆ ಹೋಗಲು ದಾರಿ ಇರುತ್ತದೆ. ಮೂರು ಮಿಲಿಮೀಟರಿಗೆ ಬಂದ ಟೈರಿನಲ್ಲಿ ಆ ದಾರಿ ಅರ್ಧಕ್ಕಿಂತ ಹೆಚ್ಚು ಮುಚ್ಚಿಹೋಗಿರುತ್ತದೆ. ಆಗ ಟೈರು ನೀರಿನ ಪದರದ ಮೇಲೆ ಏರುತ್ತದೆ, ತೇಲುತ್ತದೆ.

ಹಾಗಾದರೆ ಪ್ರಶ್ನೆ ಇಷ್ಟೇ: ತೇಲುವುದಾದರೆ ಮೊದಲು ಯಾವ ಕಡೆ ತೇಲಬೇಕು?

ಮುಂದಿನ ಚಕ್ರ ಹಿಡಿತ ಬಿಟ್ಟರೆ ಸ್ಟೇರಿಂಗ್ ಕೈಗೆ ಹೂವಿನಷ್ಟು ಹಗುರವಾಗುತ್ತದೆ. ತಿರುಗಿಸಿದಷ್ಟು ಕಾರು ತಿರುಗುವುದಿಲ್ಲ, ನೇರ ಹೋಗಲು ನೋಡುತ್ತದೆ. ಹೆದರಿಕೆಯ ವಿಷಯವೇ. ಆದರೆ ಆ ಹೆದರಿಕೆಗೆ ಮನುಷ್ಯನ ಕಾಲು ತಾನಾಗಿ ಮಾಡುವ ಕೆಲಸವೇ ಸರಿಯಾದ ಕೆಲಸ. ಆಕ್ಸಿಲೇಟರ್‌ನಿಂದ ಕಾಲು ತೆಗೆಯುತ್ತೇವೆ, ಭಾರ ಮುಂದಕ್ಕೆ ಬರುತ್ತದೆ, ಮುಂದಿನ ಟೈರು ಮತ್ತೆ ನೆಲ ಹಿಡಿಯುತ್ತದೆ. ಹಿಂದಿನ ಚಕ್ರ ಬಿಟ್ಟರೆ ಇದೆಲ್ಲ ತಲೆಕೆಳಗು. ಸ್ಟೇರಿಂಗಿನಲ್ಲಿ ಮುನ್ಸೂಚನೆ ಬರುವುದಿಲ್ಲ. ಹೆದರಿ ಕಾಲು ತೆಗೆದರೆ, ಬ್ರೇಕ್ ಒತ್ತಿದರೆ, ಹಿಂದೆ ಇದ್ದ ಅಲ್ಪಸ್ವಲ್ಪ ಭಾರವೂ ಮುಂದಕ್ಕೆ ಹೋಗಿ ಹಿಂದಿನ ಚಕ್ರ ಇನ್ನಷ್ಟು ಜಾರುತ್ತದೆ, ಕಾರು ಗಿರಕಿ ಹೊಡೆಯುತ್ತದೆ. ಅದನ್ನು ತಡೆಯಲು ಕಾರಿನ ಬಾಲ ಯಾವ ಕಡೆ ಹೋಯಿತೋ ಅದೇ ಕಡೆಗೆ, ತಕ್ಕಷ್ಟೇ ಅಳತೆಯಲ್ಲಿ, ಕ್ಷಣಾರ್ಧದಲ್ಲಿ ಸ್ಟೇರಿಂಗ್ ತಿರುಗಿಸಬೇಕು. ಅದನ್ನು ಅಭ್ಯಾಸ ಮಾಡಿದವರು ಎಷ್ಟು ಮಂದಿ ಇದ್ದಾರೆ? ಡ್ರೈವಿಂಗ್ ಸ್ಕೂಲಿನಲ್ಲಿ ಎಂಟು ಹಾಕಿಸುತ್ತಾರೆ, ರಿವರ್ಸ್ ಕಲಿಸುತ್ತಾರೆ. ಜಾರುವ ಬಾಲವನ್ನು ಹಿಡಿಯುವುದನ್ನು ಕಲಿಸುವ ಜಾಗ ನಮ್ಮಲ್ಲಿ ನಾನು ನೋಡಿಲ್ಲ.

ಇದನ್ನು ಕಣ್ಣಾರೆ ಕಂಡದ್ದು ಚಾರ್ಮಾಡಿ ಘಾಟಿಯಲ್ಲಿ. ನನ್ನ ಸೋದರಮಾವನ ಮಗ, ನನಗೆ ಭಾವ, ಜೋರಾಗಿ ಓಡಿಸುವವರಲ್ಲ. ಧರ್ಮಸ್ಥಳಕ್ಕೆ ಹೊರಟಿದ್ದೆವು. ಮುಂದಿನ ಚಕ್ರಗಳಿಗೆ ಆಗಷ್ಟೇ ಹೊಸ ಟೈರ್ ಬಿದ್ದಿದ್ದವು. ಹಿಂದಿನವು ನೋಡಲು ಬೋಳಾಗಿರಲಿಲ್ಲ, ಗೆರೆ ಕಾಣುತ್ತಿತ್ತು. ಕೊಟ್ಟಿಗೆಹಾರ ದಾಟಿ ಇಳಿಜಾರು ಹಿಡಿದಾಗ ಮಳೆ ಸಣ್ಣದಾಗಿತ್ತು, ಗುಡ್ಡದಿಂದ ಇಳಿದ ನೀರು ಮಾತ್ರ ರಸ್ತೆ ಅಡ್ಡಲಾಗಿ ಹರಿಯುತ್ತಿತ್ತು. ವೇಗ ನಲವತ್ತರ ಆಸುಪಾಸು. ಎಡಕ್ಕೆ ಹೊರಳುವ ಒಂದು ತಿರುವಿನಲ್ಲಿ ಎದುರು ಬಂದ ಬಸ್ಸಿಗೆ ಜಾಗ ಕೊಡಲು ಭಾವ ಬ್ರೇಕ್ ಮೇಲೆ ಕಾಲಿಟ್ಟರು. ಅಷ್ಟೆ. ಹಿಂಬದಿ ಬಲಕ್ಕೆ ಸರಿಯಿತು, ಮೂತಿ ಗುಡ್ಡದ ಕಡೆ ತಿರುಗಿತು, ಮುಂದಿನ ಚಕ್ರ ಚರಂಡಿಗೆ ಇಳಿದು ಕಾರು ನಿಂತಿತು. ಬಸ್ಸಿನ ಡ್ರೈವರ್ ಮೊದಲೇ ನಿಧಾನ ಮಾಡಿದ್ದರಿಂದ ಅದು ಅಲ್ಲೇ ಕೆಳಗಡೆ ನಿಂತಿತು. ಹಿಂದೆ ಕೂತಿದ್ದ ಅತ್ತೆಗೆ ಬಾಯಿಂದ ಮಾತೇ ಹೊರಡಲಿಲ್ಲ. ಯಾರಿಗೂ ಪೆಟ್ಟಾಗಲಿಲ್ಲ.

ಬಸ್ಸಿನವರೆಲ್ಲ ಇಳಿದು ಬಂದು ಕಾರು ಎತ್ತಿಕೊಟ್ಟರು. ಆಮೇಲೆ ಭಾವ ಹೇಳಿದ ಒಂದು ಮಾತು ನನ್ನ ತಲೆಯಲ್ಲಿ ಕೂತಿತು. “ಸ್ಟೇರಿಂಗ್ ಕೈಯಲ್ಲಿ ಗಟ್ಟಿಯಾಗೇ ಇತ್ತು ಕಣೋ, ಏನೋ ಆಗ್ತಿದೆ ಅಂತ ಅನ್ನಿಸಲೇ ಇಲ್ಲ.” ಅನ್ನಿಸುವುದು ಹೇಗೆ? ಮುಂದಿನ ಹೊಸ ಟೈರು ರಸ್ತೆಯನ್ನು ಭದ್ರವಾಗಿ ಹಿಡಿದುಕೊಂಡಿತ್ತು. ಅದು ಅಷ್ಟು ಚೆನ್ನಾಗಿ ತಿರುಗಿಸಿದ್ದರಿಂದಲೇ ಹಿಂಬದಿಗೆ ಆ ತಿರುವನ್ನು ತಾಳಿಕೊಳ್ಳಲು ಆಗಲಿಲ್ಲ. ಮುಂದೆ ಹೊಸದು ಹಾಕಿದರೆ ಕೈಗೆ ಸಿಗುವ ಧೈರ್ಯ ಹಿಂದಿನ ಚಕ್ರದ ಶಕ್ತಿಗಿಂತ ಹೆಚ್ಚಾಗಿರುತ್ತದೆ. ಅಪಾಯ ಇರುವುದು ಆ ಅಂತರದಲ್ಲಿ.

ಘಾಟಿ ಇಳಿಯುವಾಗ ಈ ಅಪಾಯ ಇನ್ನೂ ಹೆಚ್ಚು. ನಮ್ಮ ಸಣ್ಣ ಕಾರುಗಳಲ್ಲಿ ಎಂಜಿನ್, ಗೇರ್‌ಬಾಕ್ಸ್ ಎರಡೂ ಮುಂದೆ. ಸಮತಟ್ಟು ನೆಲದಲ್ಲೇ ನೂರಕ್ಕೆ ಅರವತ್ತರ ಆಸುಪಾಸು ಭಾರ ಮುಂದಿನ ಚಕ್ರಗಳ ಮೇಲಿರುತ್ತದೆ. ಇಳಿಜಾರಿನಲ್ಲಿ ಇನ್ನಷ್ಟು ಮುಂದಕ್ಕೆ ಬರುತ್ತದೆ, ಬ್ರೇಕ್ ಒತ್ತಿದರೆ ಮತ್ತಷ್ಟು. ಒಬ್ಬರೇ ಓಡಿಸುತ್ತಿದ್ದು ಡಿಕ್ಕಿ ಖಾಲಿ ಇದ್ದರಂತೂ ಹಿಂಬದಿ ಹಗುರವೋ ಹಗುರ. 2018ರಲ್ಲಿ ಕಾಂಕ್ರೀಟ್ ಕೆಲಸಕ್ಕೆಂದು ಶಿರಾಡಿ ಘಾಟಿಯನ್ನು ತಿಂಗಳುಗಟ್ಟಲೆ ಮುಚ್ಚಿದಾಗ ಚಾರ್ಮಾಡಿಯಲ್ಲಿ ಓಡಾಡಿದವರಿಗೆ ಆ ತಿರುವುಗಳ ಇಕ್ಕಟ್ಟು ಎಂಥದೆಂದು ಗೊತ್ತು. ಒಂದು ಕಡೆ ಗುಡ್ಡ, ಇನ್ನೊಂದು ಕಡೆ ಕಂದಕ. ಮುಂದಿನ ಚಕ್ರ ಜಾರಿ ಎರಡು ಅಡಿ ನೇರ ಹೋದರೆ ತಿದ್ದಿಕೊಳ್ಳಬಹುದು. ಅಡ್ಡಡ್ಡ ತಿರುಗಿದ ಕಾರಿಗೆ ಅಲ್ಲಿ ಜಾಗವಿಲ್ಲ.

ಹಾಗಿದ್ದೂ ಮುಂದಕ್ಕೇ ಹಾಕುವ ರೂಢಿ ಎಲ್ಲಿಂದ ಬಂತು? ನಾನು ಟೈರ್ ಹಾಕಿಸುವ ಅಂಗಡಿಯ ಹಿರಿಯರನ್ನೇ ಕೇಳಿದೆ. ಹರೆಯದಲ್ಲಿ ಲಾರಿಯಲ್ಲಿ ಕ್ಲೀನರ್ ಆಗಿದ್ದವರು. “ಸ್ಟೇರಿಂಗ್ ಕಡೆ ಹೊಸದು, ಹಿಂದಕ್ಕೆ ರೀಸೋಲು. ಮುಂದಿನದು ಬರ್ಸ್ಟ್ ಆದ್ರೆ ಗಾಡಿ ಕೈಗೆ ಸಿಗಲ್ಲ ಸ್ವಾಮಿ, ಹಿಂದೆ ಆದ್ರೆ ಇನ್ನೊಂದು ಇರ್ತದಲ್ಲ,” ಅಂದರು. ರೀಸೋಲು ಅಂದರೆ ಮೇಲೆ ಹೊಸ ರಬ್ಬರ್ ಪದರ ಅಂಟಿಸಿದ ಹಳೆ ಟೈರು. ಅವರ ಮಾತಿನಲ್ಲಿ ಎಳ್ಳಷ್ಟೂ ತಪ್ಪಿಲ್ಲ. ಲಾರಿಗೆ, ಬಸ್ಸಿಗೆ ಮುಂದೆ ಒಂಟಿ ಟೈರು, ಹಿಂದೆ ಜೋಡಿ. ಜೋಡಿಯಲ್ಲಿ ಒಂದು ಹೋದರೆ ಇನ್ನೊಂದು ಭಾರ ಹೊರುತ್ತದೆ. ಹೇರು ತುಂಬಿದಾಗ ಹಿಂಬದಿಯ ಮೇಲೆ ಟನ್‌ಗಟ್ಟಲೆ ಭಾರ ಕೂತಿರುತ್ತದೆ. ಲಾರಿಯವರು ಜೀವ ಕೈಯಲ್ಲಿ ಹಿಡಿದು ಕಲಿತ ಪಾಠ ಅದು. ನಾವು ಅದನ್ನು ಹಾಗೇ ತಂದು ಕಾರಿಗೆ ಅಂಟಿಸಿದ್ದೇವೆ. ಕಾರಿಗೆ ಹಿಂದೆ ಜೋಡಿ ಟೈರ್ ಇಲ್ಲ, ಹೇರಿಲ್ಲ.

1983ರಲ್ಲಿ ಮಾರುತಿ 800 ಬಂದ ಮೇಲೆ ಈ ನಂಬಿಕೆಗೆ ಇನ್ನೊಂದು ಕಾರಣ ಸೇರಿತು. ಅಂಬಾಸಿಡರ್‌ನಲ್ಲಿ ಎಂಜಿನ್ ಮುಂದಿದ್ದರೂ ಎಳೆತ ಹಿಂದಿನ ಚಕ್ರಕ್ಕೆ. ಮಾರುತಿಯಲ್ಲಿ ಎಳೆಯುವುದು, ತಿರುಗುವುದು, ಬ್ರೇಕಿನ ಬಹುಪಾಲು ಎಲ್ಲ ಮುಂದಿನ ಚಕ್ರದ ಮೇಲೆ. ಆದ್ದರಿಂದ ಮುಂದಿನ ಟೈರೇ ಬೇಗ ಸವೆಯುತ್ತದೆ. ಸವೆದ ಜಾಗಕ್ಕೆ ಹೊಸದು ಹಾಕುವುದು ಸಹಜ ಎಂದು ತೋರುತ್ತದೆ. ನಮ್ಮ ಅಂಗಡಿಯ ಹಿರಿಯರಿಗೆ ಇದನ್ನೆಲ್ಲ ಹೇಳಿದಾಗ ಅವರು ಸ್ವಲ್ಪ ಹೊತ್ತು ಯೋಚಿಸಿ, “ಕೆಲಸ ಜಾಸ್ತಿ ಆಯ್ತದೆ, ನಾಲ್ಕೂ ಬಿಚ್ಚಬೇಕು,” ಎಂದರೇ ಹೊರತು ಬೇಡ ಎನ್ನಲಿಲ್ಲ. ಆ ಕೆಲಸಕ್ಕೆ ಕೊಡುವ ಹೆಚ್ಚಿನ ಕೂಲಿ ಸಾರ್ಥಕ. ಮಿಶೆಲಿನ್‌ನಂಥ ದೊಡ್ಡ ಟೈರ್ ಕಂಪನಿಗಳು ಹೇಳುವುದೂ ಇದನ್ನೇ: ಎಳೆತ ಯಾವ ಚಕ್ರಕ್ಕಿದ್ದರೂ ಸರಿ, ಎರಡೇ ಹೊಸದಿದ್ದರೆ ಅವು ಹಿಂದಕ್ಕೆ.

ಎದುರು ವಾದವೂ ಇದೆ, ಅದನ್ನು ತಳ್ಳಿಹಾಕುವುದಿಲ್ಲ. ಬ್ರೇಕಿನ ಹೆಚ್ಚು ಕೆಲಸ ಮುಂದಿನ ಚಕ್ರದ್ದೇ ಆದ್ದರಿಂದ ನೆಂದ ರಸ್ತೆಯಲ್ಲಿ ನೇರವಾಗಿ ಹೋಗುತ್ತಾ ನಿಲ್ಲಿಸುವಾಗ ಮುಂದೆ ಹೊಸದಿದ್ದರೆ ಕಾರು ಸ್ವಲ್ಪ ಬೇಗ ನಿಂತೀತು. ಆದರೆ ದೂರವನ್ನು ನಾನು ಮೊದಲೇ ಇಟ್ಟುಕೊಳ್ಳಬಹುದು, ವೇಗ ಇಳಿಸಬಹುದು. ಹಿಂದಿನ ಚಕ್ರ ಕೈಬಿಟ್ಟ ಮೇಲೆ ಇಟ್ಟುಕೊಳ್ಳಲು ಏನೂ ಉಳಿದಿರುವುದಿಲ್ಲ. ಎಬಿಎಸ್ ಇದೆಯಲ್ಲ ಎನ್ನುವವರೂ ಇದ್ದಾರೆ. ಎಬಿಎಸ್ ಚಕ್ರ ಕಚ್ಚಿಕೊಳ್ಳದಂತೆ ನೋಡಿಕೊಳ್ಳುತ್ತದೆ, ಇಲ್ಲದ ಹಿಡಿತವನ್ನು ಅದು ಹುಟ್ಟಿಸಲಾರದು.

ಒಂದು ಮಾತು ಸ್ಪಷ್ಟವಾಗಿರಲಿ. ಮುಂದಕ್ಕೆ ಬರುವ ಹಳೆಯ ಜೋಡಿ ಬೋಳಾಗಿದ್ದರೆ ಈ ಲೆಕ್ಕವೆಲ್ಲ ನಿಲ್ಲುವುದಿಲ್ಲ, ಆಗ ನಾಲ್ಕನ್ನೂ ಬದಲಾಯಿಸಲೇಬೇಕು. ಕಾರಿನ ಟೈರಿನ ತೋಡು 1.6 ಮಿಲಿಮೀಟರಿಗಿಂತ ಕಡಿಮೆ ಇರಬಾರದು ಎಂದು ಕಾನೂನು ಹೇಳುತ್ತದೆ. ತೋಡಿನ ತಳದಲ್ಲಿ ಅಲ್ಲಲ್ಲಿ ಅಡ್ಡಲಾಗಿ ಪುಟ್ಟ ರಬ್ಬರ್ ಉಬ್ಬು ಇರುತ್ತದೆ, ಮೇಲ್ಮೈ ಸವೆದು ಆ ಉಬ್ಬಿಗೆ ಸಮನಾಯಿತೆಂದರೆ ಟೈರಿನ ಆಯಸ್ಸು ಮುಗಿಯಿತು. ಆದರೆ ಆ ಅಳತೆ ಕಾನೂನಿನ ಕೊನೆಯ ಗೆರೆ. ಮಲೆನಾಡಿನ ಮಳೆಗೆ ಅಷ್ಟರವರೆಗೆ ಕಾಯಬೇಡಿ. ಮೂರು ಮಿಲಿಮೀಟರಿಗೆ ಬಂದಾಗಲೇ ನಾನು ಹೊಸದರ ಯೋಚನೆ ಮಾಡುತ್ತೇನೆ. ಭರಣಿ ಮಳೆಗೆ ಮುಂಚೆ, ಅಂದರೆ ಏಪ್ರಿಲ್ ಕೊನೆಯ ವಾರದೊಳಗೆ ಈ ಕೆಲಸ ಆಗಿಬಿಡಬೇಕು. ಬೇಸಗೆಯಿಡೀ ಡಾಂಬರಿನ ಮೇಲೆ ಕೂತ ಎಣ್ಣೆ, ದೂಳು ಮೊದಲ ಮಳೆಗೆ ಕದಡಿ ರಸ್ತೆ ಲೋಳೆಯಾಗುತ್ತದೆ. ಜೋರು ಮಳೆಗಿಂತ ಆ ಮೊದಲ ಕಾಲು ಗಂಟೆ ಕೆಟ್ಟದ್ದು.

ಗಾಳಿಯ ವಿಷಯದಲ್ಲಿ ಜನ ಉದಾಸೀನ ಮಾಡುತ್ತಾರೆ, ಅದರಲ್ಲೂ ಹಿಂದಿನ ಚಕ್ರದ್ದು. 1960ರ ದಶಕದಲ್ಲಿ ಅಮೆರಿಕದ ನಾಸಾ ಸಂಸ್ಥೆ ವಿಮಾನದ ಟೈರುಗಳ ಮೇಲೆ ಪ್ರಯೋಗ ಮಾಡಿ, ಟೈರು ನೀರಿನ ಮೇಲೆ ಪೂರ್ತಿ ತೇಲುವ ವೇಗಕ್ಕೂ ಅದರೊಳಗಿನ ಗಾಳಿಯ ಒತ್ತಡಕ್ಕೂ ಇರುವ ನಂಟನ್ನು ಸೂತ್ರವಾಗಿ ಕೊಟ್ಟಿತು. ಆ ಲೆಕ್ಕದಲ್ಲಿ 30 ಪೌಂಡ್ ಗಾಳಿ ಇದ್ದರೆ ಗಂಟೆಗೆ ಸುಮಾರು 90 ಕಿಲೋಮೀಟರ್ ವೇಗಕ್ಕೆ ತೇಲುತ್ತದೆ, 20ಕ್ಕೆ ಇಳಿದಿದ್ದರೆ 75ರ ಹತ್ತಿರವೇ. ತಿರುವಿನಲ್ಲಿ ಜಾರಲು ಪೂರ್ತಿ ತೇಲಬೇಕಾಗಿಯೂ ಇಲ್ಲ, ಅರೆಬರೆ ತೇಲಿದರೆ ಸಾಕು. ಬೆಳಿಗ್ಗೆ ಟೈರು ತಣ್ಣಗಿರುವಾಗ, ಡ್ರೈವರ್ ಬಾಗಿಲ ಪಕ್ಕ ಬರೆದಿರುವ ಅಳತೆಗೆ ನೋಡಿ ಗಾಳಿ ಹಿಡಿಸಿ.

ರಾಗಿ, ಹುರುಳಿ ಒಕ್ಕಣೆಯ ಕಾಲದಲ್ಲಿ ಮಾತ್ರ ಯಾವ ಟೈರೂ ಕಾಯುವುದಿಲ್ಲ. ಕಣ ಮಾಡುವ ಪದ್ಧತಿ ಕಡಿಮೆಯಾಗಿ ತೆನೆ, ಹುಲ್ಲು ಡಾಂಬರ್ ರಸ್ತೆಗೆ ಬಂದಿದೆ. ಒಣ ಹುಲ್ಲಿನ ಮೇಲೆ ರಬ್ಬರ್ ಡಾಂಬರನ್ನು ಮುಟ್ಟುವುದೇ ಇಲ್ಲ. ಅಲ್ಲಿ ಬ್ರೇಕ್ ಹಿಡಿಯಬಾರದು, ಸ್ಟೇರಿಂಗ್ ತಿರುವಬಾರದು, ಹುಲ್ಲು ಬರುವ ಮುಂಚೆಯೇ ನಿಧಾನ ಮಾಡಿ ನೇರವಾಗಿ ದಾಟಬೇಕು. ಹುರುಳಿ ಬಳ್ಳಿ ಕಾರಿನ ಅಡಿಗೆ ಸುತ್ತಿಕೊಂಡು ಸೈಲೆನ್ಸರ್ ಬಿಸಿಗೆ ಹೊತ್ತಿಕೊಳ್ಳುವುದೂ ಉಂಟು. ದಾಟಿದ ಮೇಲೆ ನಿಲ್ಲಿಸಿ ಬಗ್ಗಿ ನೋಡಿ. ರಸ್ತೆಯಲ್ಲಿ ಒಕ್ಕುವ ನಮ್ಮವರಿಗೂ ಕೈಮುಗಿದು ಹೇಳುತ್ತೇನೆ, ಬೈಕಿನವರು ಇದರ ಮೇಲೆ ಬಿದ್ದು ಕೈಕಾಲು ಮುರಿದುಕೊಳ್ಳುತ್ತಿದ್ದಾರೆ.

ಮುಂದೆ ಹಿಂದೆ ಎಂಬ ಈ ಪ್ರಶ್ನೆಯೇ ಏಳದಂತೆ ಮಾಡುವ ದಾರಿಯೂ ಇದೆ. ಎಂಟರಿಂದ ಹತ್ತು ಸಾವಿರ ಕಿಲೋಮೀಟರಿಗೊಮ್ಮೆ ಟೈರುಗಳನ್ನು ಮುಂದಿನವು ಹಿಂದಕ್ಕೆ, ಹಿಂದಿನವು ಮುಂದಕ್ಕೆ ಬದಲಾಯಿಸುತ್ತಾ ಬಂದರೆ ನಾಲ್ಕೂ ಸಮನಾಗಿ ಸವೆಯುತ್ತವೆ, ನಾಲ್ಕನ್ನೂ ಒಟ್ಟಿಗೆ ಕೊಳ್ಳಬಹುದು. ಅಷ್ಟರೊಳಗೆ ದುಡ್ಡು ಕೂಡಿಡಲು ಸಮಯವೂ ಸಿಗುತ್ತದೆ. ನನ್ನ ಕಾರಿಗೆ ಈಗ ಮಾಡುತ್ತಿರುವುದು ಇದನ್ನೇ.

ಕೊಳ್ಳುವಾಗ ಟೈರಿನ ಪಕ್ಕೆಯಲ್ಲಿ ಇರುವ ನಾಲ್ಕು ಅಂಕಿ ಓದಿ. 2324 ಎಂದಿದ್ದರೆ 2024ರ 23ನೇ ವಾರ ತಯಾರಾದದ್ದು. ಹೆಚ್ಚು ಓಡದೆ ಮನೆ ಮುಂದೆ ಬಿಸಿಲಲ್ಲಿ ನಿಲ್ಲುವ ಹಳ್ಳಿ ಕಾರುಗಳಲ್ಲಿ ತೋಡು ಆಳವಾಗಿದ್ದರೂ ರಬ್ಬರ್ ಗಡುಸಾಗಿ ಸಣ್ಣ ಬಿರುಕು ಬಿಟ್ಟಿರುತ್ತದೆ, ಅಂಥದ್ದು ನೆಂದ ರಸ್ತೆ ಹಿಡಿಯುವುದಿಲ್ಲ. ಹೊಸದೆಂದು ಕೊಟ್ಟ ಟೈರಿನ ಮೇಲೆ ಎರಡು ಮೂರು ವರ್ಷ ಹಿಂದಿನ ಅಂಕಿ ಇದ್ದರೆ ಬೇರೆ ಜೋಡಿ ಕೇಳಿ. ಬೇಲೂರಿನಲ್ಲಿ ಇಲ್ಲದಿದ್ದರೆ ಹಾಸನದಿಂದ ತರಿಸಿಕೊಡುತ್ತಾರೆ, ಒಂದೆರಡು ದಿನ ಕಾಯಬಹುದು.